ಸ್ಟೆಂಟ್ ಹಾಕೋ ಮುಂಚೆ ನಾಳದೊಳಗೆ ಇಳಿದು ನೋಡೋದು: ‘ಐವಸ್’, ‘ಒಸಿಟಿ’ ಅಂದ್ರೆ ಏನು, ಯಾರಿಗೆ ಬೇಕು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಗಂಗಾವತಿಯಿಂದ ಮಾತಾಡ್ತಿದ್ದೀನಿ. ಹಿಂದೆ ರೈಸ್‌ಮಿಲ್ ಸದ್ದು ಕೇಳಿಸಿದ್ರೆ ಕ್ಷಮಿಸಿ, ಸುಗ್ಗಿ ಟೈಮು, ರಾತ್ರಿನೂ ನಿಲ್ಲೋದಿಲ್ಲ.

ಈ ಸಂಚಿಕೆ ಮಾಡಬೇಕೋ ಬೇಡವೋ ಅಂತ ಬಹಳ ದಿನ ಯೋಚನೆ ಮಾಡಿದೆ. ಯಾಕಂದ್ರೆ ಇದರಲ್ಲಿ ನನ್ನದೇ ಒಂದು ತಪ್ಪು ಇದೆ.

2023ರ ಮಳೆಗಾಲ. ರಾತ್ರಿ ಹನ್ನೊಂದರ ಮೇಲೆ ನಮ್ಮ ಮಾಮಾನ ಮಗ ಫೋನ್ ಮಾಡಿದ. ಮಾಮಾ ಅಂದ್ರೆ ನಮ್ಮವ್ವನ ತಮ್ಮ, ಭತ್ತದ ವ್ಯಾಪಾರ, ಆಗ 58 ವಯಸ್ಸು, ಹನ್ನೆರಡು ವರ್ಷದಿಂದ ಶುಗರ್ ಇತ್ತು. ಎದೆ ಹಿಡಿದಂಗಾಗಿ ದೊಡ್ಡ ಊರಿನ ಆಸ್ಪತ್ರೆಗೆ ಸೇರಿಸಿದ್ರು. ಆಂಜಿಯೋಗ್ರಾಂ ಆಗಿತ್ತು, ಒಂದು ಬ್ಲಾಕ್, ಮಾರನೇ ದಿನ ಸ್ಟೆಂಟ್ ಹಾಕ್ತೀವಿ ಅಂದಿದ್ರು. ಹುಡುಗ ಹೇಳಿದ್ದು ಇಷ್ಟು: “ಅಣ್ಣಾ, ಖರ್ಚಿನ ಪಟ್ಟಿ ಕೊಟ್ಟಾರ. ಅದ್ರಾಗ ಸ್ಟೆಂಟ್ ಬ್ಯಾರೆ ಐತಿ, ಐವಸ್ ಅಂತ ಒಂದು ಬ್ಯಾರೆ ಐತಿ. ಅದರ ರೇಟು ಸ್ಟೆಂಟಿಗಿಂತ ಜಾಸ್ತಿ. ಡಾಕ್ಟ್ರು ಮಾಡಿಸಿದ್ರ ಚಲೋ ಅಂದ್ರು, ನಿಮ್ಮಿಷ್ಟ ಅಂದ್ರು. ಏನ್ ಮಾಡೂಣು? ನೀ ಲೆಕ್ಕಪತ್ರ ಓದಿದವ.”

ನಾನು ಬಿಕಾಂ ಓದಿದವ. ಪಟ್ಟಿಯ ಫೋಟೋ ವಾಟ್ಸಾಪಿಗೆ ತರಿಸಿಕೊಂಡು ನೋಡಿದೆ. ಬಿಲ್ಲಿನಲ್ಲಿ ಯಾವ ಸಾಲು ಬೇಕು, ಯಾವುದು ಬೇಡ ಅಂತ ಹುಡುಕೋದೇ ನನ್ನ ಕೆಲಸ ಅನ್ನೋ ಹಂಗೆ, “ಸ್ಟೆಂಟ್ ಹಾಕಿಸ್ರಿ, ಅದೊಂದು ಬ್ಯಾಡ ಅನ್ರಿ, ಬಿಲ್ ಏರ್ಸಾಕ ಇರತಾವ ಇವೆಲ್ಲ” ಅಂದೆ. ಅವರೂ ಬೇಡ ಅಂದ್ರು. ಸ್ಟೆಂಟ್ ಬಿತ್ತು, ಮೂರನೇ ದಿನ ಮಾಮಾ ಮನೆಗೆ ಬಂದ.

ಹದಿನಾಲ್ಕು ತಿಂಗಳಿಗೆ ಅದೇ ಜಾಗ ಮತ್ತೆ ಕಟ್ಟಿತು. ಅಲ್ಲಿಗೆ ಆಮೇಲೆ ಬರ್ತೀನಿ.

ಆಂಜಿಯೋಗ್ರಾಂ ತೋರಿಸೋದು ನೆರಳು

ಮೊದಲು ಆಂಜಿಯೋಗ್ರಾಂ ಅಂದ್ರೆ ಏನು ಅಂತ ಸರಿಯಾಗಿ ತಿಳ್ಕೊಳ್ಳೋಣ. ಕೈಯ ಅಥವಾ ತೊಡೆಯ ರಕ್ತನಾಳದಿಂದ ಒಂದು ಸಣ್ಣ ಕೊಳವೆ ಹೃದಯದ ತನಕ ಹೋಗುತ್ತೆ. ಅದರಿಂದ ಡೈ ಬಿಡ್ತಾರೆ. ಎಕ್ಸ್‌ರೇ ಹಿಡಿದ್ರೆ ಡೈ ಹರಿದ ದಾರಿ ಕಪ್ಪಗೆ ಕಾಣುತ್ತೆ. ಎಲ್ಲಿ ಆ ಗೆರೆ ಸಣ್ಣ ಆಗುತ್ತೋ ಅಲ್ಲಿ ಬ್ಲಾಕ್. ಇದು ಶುರುವಾಗಿದ್ದೇ ಆಕಸ್ಮಿಕವಾಗಿ. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಮೇಸನ್ ಸೋನ್ಸ್ ಅನ್ನೋ ವೈದ್ಯರು ಬೇರೆ ಪರೀಕ್ಷೆ ಮಾಡುವಾಗ ಕೊಳವೆ ಜಾರಿ ಹೃದಯದ ನಾಳದೊಳಗೇ ಡೈ ಹೋಯ್ತು. ರೋಗಿ ಬದುಕಿದ, ಚಿತ್ರವೂ ಸಿಕ್ತು. ಇವತ್ತಿಗೂ ಬ್ಲಾಕ್ ಹುಡುಕೋದಕ್ಕೆ ಅದೇ ಮುಖ್ಯ ಪರೀಕ್ಷೆ.

ಆದ್ರೆ ಅದು ತೋರಿಸೋದು ನೀರು ಹರಿಯೋ ಜಾಗವನ್ನ, ಗೋಡೆಯನ್ನಲ್ಲ.

ನಮ್ಮ ಕಡೆಯವರಿಗೆ ಇದನ್ನ ಹೇಳೋಕೆ ಒಳ್ಳೆ ಉದಾಹರಣೆ ಮನೆ ಹತ್ರಾನೇ ಇದೆ. ತುಂಗಭದ್ರಾ ಡ್ಯಾಂ. ಆಗಸ್ಟಿನಲ್ಲಿ ಮುನಿರಾಬಾದ್ ಕಡೆ ನಿಂತು ನೋಡಿದ್ರೆ ಸಮುದ್ರದ ಹಂಗೆ ತುಂಬಿರುತ್ತೆ. ಕಟ್ಟಿದಾಗ ಅದು ಹಿಡೀತಿದ್ದುದು 133 ಟಿಎಂಸಿ. ಈಗ ಹಿಡಿಯೋದು 105 ಟಿಎಂಸಿ ಚಿಲ್ಲರೆ. ಉಳಿದಿದ್ದು ಹೂಳು. ದಂಡೆ ಮೇಲೆ ನಿಂತವನಿಗೆ ಆ ಹೂಳು ಕಾಣೋದಿಲ್ಲ, ನೀರಿನ ಮಟ್ಟ ಮಾತ್ರ ಕಾಣುತ್ತೆ. ಹಂಗಾದ್ರೆ ಹೂಳು ಎಷ್ಟಿದೆ ಅಂತ ಗೊತ್ತಾಗಿದ್ದು ಹೆಂಗೆ? ದೋಣಿಯಲ್ಲಿ ಯಂತ್ರ ಇಟ್ಕೊಂಡು ನೀರಿನ ಮೇಲೆ ಓಡಾಡ್ತಾರೆ. ಯಂತ್ರ ಕೆಳಕ್ಕೆ ಶಬ್ದದ ಅಲೆ ಬಿಡುತ್ತೆ, ಅಲೆ ತಳಕ್ಕೆ ಬಡಿದು ವಾಪಸ್ ಬರುತ್ತೆ, ಬರೋಕೆ ತಗೊಂಡ ಸಮಯದಿಂದ ಆಳ ಲೆಕ್ಕ ಹಾಕ್ತಾರೆ.

ಐವಸ್ ಅಂದ್ರೆ ಅದೇ ದೋಣಿ, ರಕ್ತನಾಳದ ಒಳಗೆ.

ಅಂಥ ದೋಣಿ ಯಾಕೆ ಬೇಕು ಅಂದ್ರೆ, ರಕ್ತನಾಳಕ್ಕೆ ಒಂದು ವಿಚಿತ್ರ ಗುಣ ಇದೆ. ಗೋಡೆಯಲ್ಲಿ ಕೊಬ್ಬು ಸೇರ್ತಾ ಹೋದಂಗೆ ನಾಳ ಹೊರಕ್ಕೆ ಹಿಗ್ಗುತ್ತೆ. ಒಳಗಿನ ದಾರಿ ಮೊದಲಿದ್ದಷ್ಟೇ ಇರುತ್ತೆ. 1987ರಲ್ಲಿ ಸೀಮೋರ್ ಗ್ಲಾಗೋವ್ ಅನ್ನೋ ಅಮೆರಿಕದ ರೋಗಶಾಸ್ತ್ರಜ್ಞರು ಇದನ್ನ ತೋರಿಸಿಕೊಟ್ರು. ಕೊಬ್ಬು ನಾಳದ ಸುಮಾರು 40 ಪರ್ಸೆಂಟ್ ಜಾಗ ತಿನ್ನೋ ತನಕ ದಾರಿ ಕಿರಿದಾಗೋದೇ ಇಲ್ಲ. ಅಂದ್ರೆ ಆಂಜಿಯೋಗ್ರಾಂನಲ್ಲಿ “ನಾರ್ಮಲ್” ಅಂತ ಕಾಣೋ ಜಾಗದ ಗೋಡೆಯಲ್ಲೂ ಸಾಕಷ್ಟು ರೋಗ ಇರಬಹುದು. ಶುಗರ್ ಇರೋರಲ್ಲಿ ನಾಳದ ಉದ್ದಕ್ಕೂ ರೋಗ ಹರಡಿರುತ್ತೆ. ಆಗ ಆಂಜಿಯೋಗ್ರಾಂ ನೋಡಿ “ಇದು ಸಣ್ಣ ನಾಳ” ಅನ್ನಿಸುತ್ತೆ. ನಿಜವಾಗಿ ಅದು ದೊಡ್ಡ ನಾಳ, ಒಳಗೆ ಹೂಳು ತುಂಬಿ ಸಣ್ಣದಾಗಿ ಕಾಣ್ತಿರುತ್ತೆ.

ಶಬ್ದದ ದೋಣಿ, ಬೆಳಕಿನ ದೋಣಿ

ಒಳಗಿಂದ ನೋಡೋಕೆ ಎರಡು ದಾರಿ ಇವೆ. ಒಂದು ಶಬ್ದ, ಇನ್ನೊಂದು ಬೆಳಕು.

ಐವಸ್‌ನಲ್ಲಿ ಬಸಿರಿಯರಿಗೆ ಮಾಡೋ ಸ್ಕ್ಯಾನಿಂಗ್‌ನದ್ದೇ ತಂತ್ರ, ಅಲ್ಟ್ರಾಸೌಂಡ್. ಹೊಟ್ಟೆ ಸ್ಕ್ಯಾನಿಂಗಿಗೆ ಬಳಸೋದಕ್ಕಿಂತ ಬಹಳ ಹೆಚ್ಚಿನ ಕಂಪನ, 20ರಿಂದ 60 ಮೆಗಾಹರ್ಟ್ಸ್. ಕೊಳವೆಯ ದಪ್ಪ ಒಂದು ಮಿಲಿಮೀಟರಿನ ಹತ್ತಿರ, ಅದರ ತುದಿಯಲ್ಲಿ ಶಬ್ದ ಬಿಡೋ ಸಾಧನ. ಸ್ಟೆಂಟ್ ಹಾಕೋಕೆ ಅಂತ ನಾಳದೊಳಗೆ ಒಂದು ತಂತಿ ಮೊದಲೇ ಹೋಗಿರುತ್ತೆ, 0.36 ಮಿಲಿಮೀಟರ್ ದಪ್ಪ. ಅದೇ ತಂತಿ ಮೇಲೆ ಈ ಕೊಳವೆಯನ್ನ ಬ್ಲಾಕ್ ದಾಟಿಸಿ ಒಯ್ತಾರೆ. ಆಮೇಲೆ ಒಂದು ಮೋಟಾರ್ ಅದನ್ನ ನಿಧಾನಕ್ಕೆ, ಒಂದೇ ವೇಗದಲ್ಲಿ ಹಿಂದಕ್ಕೆ ಎಳೀತಾ ಬರುತ್ತೆ. ಎಳೆದಂಗೆ ನಾಳವನ್ನ ಸೌತೆಕಾಯಿ ಹೆಚ್ಚಿದ ಹಂಗೆ ಬಿಲ್ಲೆ ಬಿಲ್ಲೆಯಾಗಿ ಟಿವಿಯಲ್ಲಿ ನೋಡಬಹುದು. ಒಳದಾರಿ ಎಷ್ಟು, ಗೋಡೆ ಎಷ್ಟು ದಪ್ಪ, ನಾಳದ ನಿಜವಾದ ಅಳತೆ ಎಷ್ಟು, ಎಲ್ಲಾ ಸಿಗುತ್ತೆ.

ಒಸಿಟಿ ಬೆಳಕಿನ ದೋಣಿ. ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು. 1991ರಲ್ಲಿ ಅಮೆರಿಕದ ಎಂಐಟಿಯ ತಂಡ ಇದನ್ನ ಪ್ರಕಟಿಸಿತು, ಮೊದಲು ಹೆಚ್ಚು ಬಳಕೆಗೆ ಬಂದಿದ್ದು ಕಣ್ಣಿನ ಪರೀಕ್ಷೆಗೆ. ನಿಮ್ಮ ಮನೆಯಲ್ಲಿ ಯಾರಾದ್ರೂ ಶುಗರ್ ಅಂತ ಕಣ್ಣಿನ ಪರದೆ ತೋರಿಸಿದ್ರೆ ಒಸಿಟಿ ಅನ್ನೋ ಹೆಸರು ಕೇಳಿರ್ತೀರಿ, ಅದೇ ಇದು. ಇದರ ಚಿತ್ರ ಐವಸ್‌ಗಿಂತ ಹತ್ತು ಪಟ್ಟು ಸೂಕ್ಷ್ಮ, ಹತ್ತಿಪ್ಪತ್ತು ಮೈಕ್ರಾನ್ ತನಕ ಬಿಡಿಸಿ ತೋರಿಸುತ್ತೆ. ತಲೆಕೂದಲಿನ ದಪ್ಪಕ್ಕಿಂತ ಕಡಿಮೆ. ಸ್ಟೆಂಟಿನ ಒಂದೊಂದು ಎಳೆ, ಅದರ ಮೇಲೆ ಕೂತ ಸಣ್ಣ ರಕ್ತಗಡ್ಡೆ, ನಾಳದ ಅಂಚಿನಲ್ಲಿ ಆದ ಸಣ್ಣ ಸೀಳು, ಎಲ್ಲಾ ಕಾಣುತ್ತೆ.

ಆದ್ರೆ ಬೆಳಕಿಗೆ ರಕ್ತದಲ್ಲಿ ದಾರಿ ಇಲ್ಲ. ಕಾಲುವೆಯ ಕೆಂಪು ನೀರಿನಲ್ಲಿ ಟಾರ್ಚ್ ಬಿಟ್ಟಂಗೆ. ಅದಕ್ಕೇ ಎರಡು ಮೂರು ಸೆಕೆಂಡು ಡೈ ತುಂಬಿ ರಕ್ತ ಸರಿಸಿ, ಅಷ್ಟರೊಳಗೆ ಸರ್ರ್ ಅಂತ ಎಳೆದು ಚಿತ್ರ ತೆಗೀತಾರೆ. ಡೈ ಹೆಚ್ಚಾದ್ರೆ ಮೂತ್ರಪಿಂಡಕ್ಕೆ ಭಾರ. ಹಾಗಾಗಿ ಕಿಡ್ನಿ ದುರ್ಬಲ ಇರೋರಿಗೆ ಸಾಮಾನ್ಯವಾಗಿ ಐವಸ್ ವಾಸಿ. ಬೆಳಕು ಗೋಡೆಯೊಳಗೆ ಇಳಿಯೋದೂ ಒಂದೆರಡು ಮಿಲಿಮೀಟರ್ ಮಾತ್ರ, ಶಬ್ದ ಅದಕ್ಕಿಂತ ಆಳಕ್ಕೆ ಹೋಗುತ್ತೆ. ಎರಡರಲ್ಲಿ ಯಾವುದು ಮೇಲು ಅಂತ ಜಗಳ ಬೇಡ. 2023ರಲ್ಲಿ ಕೊರಿಯಾದಲ್ಲಿ 2,008 ರೋಗಿಗಳ ಮೇಲೆ ಎರಡನ್ನೂ ಹೋಲಿಸಿದ್ರು, ಒಂದು ವರ್ಷದ ಫಲಿತಾಂಶದಲ್ಲಿ ಒಸಿಟಿ ಐವಸ್‌ಗೇನೂ ಕಡಿಮೆ ಬೀಳಲಿಲ್ಲ.

ಮುಕ್ಕಾಲು ಮಿಲಿಮೀಟರಿನ ಲೆಕ್ಕ

ಈಗ ನನ್ನ ಸಬ್ಜೆಕ್ಟಿಗೆ ಬರ್ತೀನಿ, ಲೆಕ್ಕ.

ಮಾಮಾನಿಗೆ ಮೊದಲ ಸಲ ಹಾಕಿದ ಸ್ಟೆಂಟ್ 2.75 ಮಿಲಿಮೀಟರ್ ಅಗಲದ್ದು. ಡಿಸ್ಚಾರ್ಜ್ ಕಾಗದದ ಮೇಲೆ ಸ್ಟಿಕ್ಕರ್ ಅಂಟಿಸಿರ್ತಾರೆ, ಅದರಲ್ಲಿ ಅಗಲ, ಉದ್ದ ಎರಡೂ ಇರುತ್ತೆ. ಎರಡನೇ ಸಲ ಐವಸ್ ಮಾಡಿದಾಗ ಗೊತ್ತಾಯ್ತು, ಆ ನಾಳದ ಅಳತೆ ಅಲ್ಲಿ 3.5 ಮಿಲಿಮೀಟರ್. ಮುಕ್ಕಾಲು ಮಿಲಿಮೀಟರ್ ವ್ಯತ್ಯಾಸ, ಅಕ್ಕಿಕಾಳಿನ ಅಗಲದ ಅರ್ಧವೂ ಇಲ್ಲ. ಇಷ್ಟಕ್ಕೇನು ಅನ್ನಿಸುತ್ತಲ್ಲ? ಆದ್ರೆ ರಕ್ತ ಹರಿಯೋದು ವೃತ್ತದ ವಿಸ್ತೀರ್ಣದಲ್ಲಿ. 2.75 ಅಗಲದ ವೃತ್ತದ ವಿಸ್ತೀರ್ಣ 5.9 ಚದರ ಮಿಲಿಮೀಟರ್. 3.5 ಅಗಲದ್ದು 9.6. ಅರವತ್ತು ಪರ್ಸೆಂಟ್ ಮೇಲೆ ವ್ಯತ್ಯಾಸ. ಪೈಪ್‌ಲೈನ್ ಹಾಕಿಸಿದ ರೈತರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ, ಎರಡಿಂಚಿನ ಪೈಪಿಗೂ ಎರಡೂವರೆ ಇಂಚಿನದ್ದಕ್ಕೂ ನೀರು ಎಷ್ಟು ಫರಕ್ ಅಂತ ಅವರಿಗೆ ಗೊತ್ತು.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿತ್ತು. 2.75ರ ಸ್ಟೆಂಟ್ ಪೂರ್ತಿ ಅರಳಿದ್ರೆ 5.9 ಚದರ ಮಿಲಿಮೀಟರ್ ಇರಬೇಕಿತ್ತಲ್ಲ, ಒಂದು ಜಾಗದಲ್ಲಿ ಅದು 3.9 ಮಾತ್ರ ಇತ್ತು. ಯಾಕಂದ್ರೆ ಅದರ ಹಿಂದೆ ಗೋಡೆಯಲ್ಲಿ ಸುಣ್ಣದ ಬಳೆ. ಕ್ಯಾಲ್ಸಿಯಂ. ಶುಗರ್ ಇರೋರಲ್ಲಿ, ವಯಸ್ಸಾದವರಲ್ಲಿ, ಕಿಡ್ನಿ ತೊಂದರೆ ಇರೋರಲ್ಲಿ ನಾಳದ ಗೋಡೆಗೆ ಸುಣ್ಣ ಕಟ್ಟುತ್ತೆ. ಸ್ಟೆಂಟ್ ಅಂದ್ರೆ ಲೋಹದ ಜಾಲರಿ, ಬಲೂನ್ ಊದಿದಾಗ ಅರಳುತ್ತೆ. ಸುತ್ತ ಕಲ್ಲಿನಂಥ ಬಳೆ ಇದ್ರೆ ಎಲ್ಲಿ ಅರಳುತ್ತೆ? ಐವಸ್‌ನಲ್ಲಿ ಸುಣ್ಣ ಬೆಳ್ಳಗೆ ಹೊಳೆಯುತ್ತೆ, ಅದರ ಹಿಂದೆ ಕಪ್ಪು ನೆರಳು ಬೀಳುತ್ತೆ. ಎಕ್ಸ್‌ರೇಯಲ್ಲಿ ಬಹಳ ಸಲ ಅದು ಗೊತ್ತೇ ಆಗೋದಿಲ್ಲ.

ಇದು ಮೊದಲೇ ಕಂಡ್ರೆ ಡಾಕ್ಟ್ರು ಬೇರೆ ದಾರಿ ಹಿಡೀತಾರೆ. ಒಸಿಟಿ ನೋಡೋರು ಒಂದು ಸರಳ ಲೆಕ್ಕ ಇಟ್ಕೊಂಡಿದ್ದಾರೆ: ಸುಣ್ಣ ನಾಳದ ಸುತ್ತಳತೆಯಲ್ಲಿ ಅರ್ಧಕ್ಕಿಂತ ಹೆಚ್ಚು ಆವರಿಸಿದೆಯಾ, ಅರ್ಧ ಮಿಲಿಮೀಟರಿಗಿಂತ ದಪ್ಪ ಇದೆಯಾ, ಐದು ಮಿಲಿಮೀಟರಿಗಿಂತ ಉದ್ದ ಇದೆಯಾ. ಮೂರೂ ಇದ್ರೆ ಸ್ಟೆಂಟ್ ಸರಿಯಾಗಿ ಅರಳೋದು ಕಷ್ಟ, ಮೊದಲು ಸುಣ್ಣ ಒಡೀಬೇಕು. ಅದಕ್ಕೆ ವಜ್ರದ ಪುಡಿ ಹಚ್ಚಿದ ಸಣ್ಣ ಡ್ರಿಲ್ ಇದೆ. ಕಿಡ್ನಿ ಕಲ್ಲು ಶಬ್ದದಿಂದ ಒಡೆಯೋ ಹಂಗೇ ಆಘಾತದ ಅಲೆ ಬಿಡೋ ಬಲೂನ್ ಇದೆ. ಬರೀ ಹೆಚ್ಚು ಒತ್ತಡ ತಡೆಯೋ ಗಟ್ಟಿ ಬಲೂನೇ ಸಾಕಾಗೋದೂ ಉಂಟು. ಯಾವುದು ಬೇಕು ಅಂತ ನೋಡಿದ ಮೇಲೇ ಗೊತ್ತಾಗೋದು.

ಸ್ಟೆಂಟ್ ಹಾಕಿದ ಮೇಲೆ ಇನ್ನೊಂದು ಸಲ ನೋಡ್ತಾರೆ. ನನಗೆ ಬಹಳ ಮುಖ್ಯ ಅನ್ನಿಸಿದ್ದು ಈ ಎರಡನೇ ನೋಟ. ಸ್ಟೆಂಟ್ ಪೂರ್ತಿ ಅರಳಿತಾ? ಐವಸ್‌ನಲ್ಲಿ ಅತಿ ಕಿರಿದಾದ ಜಾಗದಲ್ಲಿ 5.5 ಚದರ ಮಿಲಿಮೀಟರ್, ಒಸಿಟಿಯಲ್ಲಿ 4.5 ಆದ್ರೂ ಇರಲಿ ಅನ್ನೋದು ಸಾಮಾನ್ಯ ನಾಳಕ್ಕೆ ತಜ್ಞರು ಇಟ್ಟ ಗುರಿ. ಹೃದಯದ ಎಡಭಾಗದ ಮುಖ್ಯ ನಾಳಕ್ಕೆ ಇನ್ನೂ ಹೆಚ್ಚು ಬೇಕು. ಜಾಲರಿ ಗೋಡೆಗೆ ಅಂಟಿದೆಯಾ, ಅಥವಾ ನಡುವೆ ಸಂದು ಉಳಿದಿದೆಯಾ? ಅಂಚಿನಲ್ಲಿ ನಾಳ ಸೀಳಿದೆಯಾ? ರೋಗ ಇರೋ ಜಾಗದ ಮಧ್ಯಕ್ಕೇ ಸ್ಟೆಂಟ್ ಮುಗಿದಿದೆಯಾ? ಸರಿ ಇಲ್ಲದಿದ್ರೆ ಅಲ್ಲೇ, ಅದೇ ಟೇಬಲ್ ಮೇಲೆ ಸರಿ ಮಾಡಬಹುದು. ಮನೆಗೆ ಬಂದ ಮೇಲೆ ಆಗೋದಿಲ್ಲ.

ಈ ಪಾಠ ಹಳೇದು. ಬಲೂನ್ ಚಿಕಿತ್ಸೆ ಶುರುವಾಗಿದ್ದು 1977ರ ಸೆಪ್ಟೆಂಬರ್‌ನಲ್ಲಿ, ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಅವರಿಂದ. 1986ಕ್ಕೆ ಸ್ಟೆಂಟ್ ಬಂತು. ಆಗ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟೋದು ದೊಡ್ಡ ತಲೆನೋವು, ರಕ್ತ ತೆಳು ಮಾಡೋ ಬಲವಾದ ಔಷಧಿ ಕೊಟ್ಟು ರಕ್ತಸ್ರಾವ ಆಗ್ತಿತ್ತು. 1995ರಲ್ಲಿ ಇಟಲಿಯ ಆಂಟೋನಿಯೋ ಕೊಲಂಬೊ ಅವರ ತಂಡ ಐವಸ್ ಹಾಕಿ ನೋಡಿ ತೋರಿಸಿತು: ಬಹಳಷ್ಟು ಸ್ಟೆಂಟ್‌ಗಳು ಸರಿಯಾಗಿ ಅರಳೇ ಇಲ್ಲ. ಹೆಚ್ಚು ಒತ್ತಡದಲ್ಲಿ ಬಲೂನ್ ಊದಿ ಪೂರ್ತಿ ಅರಳಿಸಿದ್ರೆ ಅಷ್ಟು ಬಲವಾದ ಔಷಧಿನೇ ಬೇಡ. ಇವತ್ತು ಐವಸ್ ಇರಲಿ ಬಿಡಲಿ, ಸ್ಟೆಂಟನ್ನ ಹೆಚ್ಚು ಒತ್ತಡದಲ್ಲಿ ಕೂರಿಸ್ತಾರಲ್ಲ, ಆ ಪದ್ಧತಿ ಬಂದಿದ್ದು ಇಲ್ಲಿಂದ.

ಸಾಕ್ಷಿ ಏನು ಹೇಳುತ್ತೆ?

“ಚಿತ್ರ ಚೆನ್ನಾಗಿ ಕಾಣುತ್ತೆ” ಅನ್ನೋದು ಬೇರೆ, “ರೋಗಿ ಚೆನ್ನಾಗಿರ್ತಾನೆ” ಅನ್ನೋದು ಬೇರೆ. ದುಡ್ಡು ಕೊಡೋರು ಕೇಳಬೇಕಾದ್ದು ಎರಡನೇದು.

2023ರಲ್ಲಿ ಕೊರಿಯಾದ ದೊಡ್ಡ ಅಧ್ಯಯನ ಬಂತು. ಕಷ್ಟದ ಬ್ಲಾಕ್ ಇರೋ 1,639 ಜನ. ಕೆಲವರಿಗೆ ಒಳಗಿಂದ ನೋಡಿ ಸ್ಟೆಂಟ್, ಕೆಲವರಿಗೆ ಆಂಜಿಯೋಗ್ರಾಂ ಮಾತ್ರ ನೋಡಿ. ಸುಮಾರು ಎರಡು ವರ್ಷದಲ್ಲಿ ಹೃದಯದಿಂದ ಸಾವು, ಅದೇ ನಾಳದಿಂದ ಹೃದಯಾಘಾತ, ಅದೇ ನಾಳಕ್ಕೆ ಮತ್ತೆ ಚಿಕಿತ್ಸೆ, ಇವುಗಳಲ್ಲಿ ಒಂದಾದ್ರೂ ಆಗಿದ್ದು ಮೊದಲ ಗುಂಪಿನಲ್ಲಿ 7.7 ಪರ್ಸೆಂಟ್, ಎರಡನೇದರಲ್ಲಿ 12.3. ನೂರು ಜನರಲ್ಲಿ ನಾಲ್ಕೈದು ಜನ ಉಳಿದಂಗೆ. 2024ರಲ್ಲಿ ಇನ್ನೊಂದು, ಹೃದಯಾಘಾತ ಅಥವಾ ಅದರ ಅಂಚಿಗೆ ಬಂದಿದ್ದ 3,505 ಜನರ ಮೇಲೆ, ಚೀನಾ, ಪಾಕಿಸ್ತಾನ, ಇಟಲಿ, ಬ್ರಿಟನ್‌ನಲ್ಲಿ. ಒಂದು ವರ್ಷಕ್ಕೆ ಐವಸ್ ಗುಂಪಿನಲ್ಲಿ 4 ಪರ್ಸೆಂಟ್, ಇನ್ನೊಂದರಲ್ಲಿ 7.3.

ಎಲ್ಲಾ ಅಧ್ಯಯನನೂ ಹಿಂಗೇ ಬಂದಿಲ್ಲ, ಅದನ್ನೂ ಹೇಳಬೇಕು. ಒಸಿಟಿಯ ಮೇಲೆ 2023ರಲ್ಲಿ ಬಂದ 2,487 ಜನರ ಅಧ್ಯಯನದಲ್ಲಿ ಒಸಿಟಿಯಿಂದ ಸ್ಟೆಂಟ್ ಚೆನ್ನಾಗಿ ಅರಳಿತು, ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟಿದ್ದೂ ಕಡಿಮೆ (0.5 ಪರ್ಸೆಂಟ್, ಇನ್ನೊಂದು ಗುಂಪಿನಲ್ಲಿ 1.4), ಆದ್ರೆ ಮುಖ್ಯ ಲೆಕ್ಕದಲ್ಲಿ ಎರಡು ಗುಂಪಿಗೂ ಖಚಿತ ವ್ಯತ್ಯಾಸ ಸಿಗಲಿಲ್ಲ. ಎಲ್ಲಾ ಕೂಡಿಸಿ ನೋಡಿದ ಮೇಲೆ ಯುರೋಪಿನ ಹೃದ್ರೋಗ ತಜ್ಞರ ಸಂಘ 2024ರಲ್ಲಿ, ಅಮೆರಿಕದವರು 2025ರಲ್ಲಿ ತಮ್ಮ ಮಾರ್ಗಸೂಚಿಯಲ್ಲಿ ಇದನ್ನ ಮೊದಲ ದರ್ಜೆಯ ಶಿಫಾರಸ್ಸಿಗೆ ಏರಿಸಿದ್ರು. ಆದ್ರೆ ಎಲ್ಲರಿಗೂ ಅಲ್ಲ, ಎಡಭಾಗದ ಮುಖ್ಯ ನಾಳ, ಕವಲೊಡೆಯೋ ಜಾಗ, ಉದ್ದನೆಯ ಬ್ಲಾಕ್ ಇಂಥ ಕಷ್ಟದ ಕೇಸುಗಳಿಗೆ.

ಅಂದ್ರೆ ಸಣ್ಣ, ನೇರ, ಮೆತ್ತಗಿನ ಒಂದು ಬ್ಲಾಕಿಗೆ ಇದು ಇಲ್ಲದೆಯೂ ಒಳ್ಳೆ ಕೆಲಸ ಆಗುತ್ತೆ. ಎಲ್ಲಾ ಕೇಸಿಗೂ ಬೇಕೇ ಬೇಕು ಅಂತ ಯಾರಾದ್ರೂ ಹೇಳಿದ್ರೆ ಯಾಕೆ ಅಂತ ಕೇಳ್ರಿ. ಯಾವ ಕೇಸಿಗೂ ಬೇಡ ಅಂದ್ರೂ ಕೇಳ್ರಿ.

ಕಾಲಿನ ನಾಳದ ವಿಷಯ ಒಂದು ಮಾತು. ಶುಗರ್ ಇರೋರಿಗೆ ಕಾಲಿನ ರಕ್ತನಾಳನೂ ಕಟ್ಟುತ್ತೆ, ನಡೆದ್ರೆ ಮೀನಖಂಡ ಹಿಡಿಯುತ್ತೆ, ಗಾಯ ಮಾಯೋದಿಲ್ಲ, ಕೊನೆಗೆ ಬೆರಳು ತೆಗೀತಾರೆ. ಗದ್ದೆ ಕೆಸರಿನಲ್ಲಿ ಬರಿಗಾಲಲ್ಲಿ ನಿಲ್ಲೋ ನಮ್ಮ ಕಡೆ ಇದು ಸಣ್ಣ ವಿಷಯ ಅಲ್ಲ. ಅಲ್ಲೂ ಐವಸ್ ಬಳಸ್ತಾರೆ, ಆಸ್ಟ್ರೇಲಿಯಾ, ಕೊರಿಯಾದ ಅಧ್ಯಯನಗಳಲ್ಲಿ ತೊಡೆಯ ನಾಳ ಹೆಚ್ಚು ಕಾಲ ತೆರೆದಿರೋದು ಕಂಡಿದೆ. ಇದರ ಬಗ್ಗೆ ಬೇರೆ ಸಂಚಿಕೆನೇ ಬೇಕು.

ದುಡ್ಡು ಮತ್ತು ದೂರ

2017ರ ಫೆಬ್ರವರಿಗೆ ಮುಂಚೆ ಔಷಧಿ ಲೇಪಿಸಿದ ಸ್ಟೆಂಟ್‌ಗೆ ಲಕ್ಷ ದಾಟಿ ಬಿಲ್ ಹಾಕ್ತಿದ್ರು. ಕೇಂದ್ರದ ಔಷಧಿ ಬೆಲೆ ಪ್ರಾಧಿಕಾರ ಅದಕ್ಕೆ 29,600 ರೂಪಾಯಿಯ ಮಿತಿ ಹಾಕಿತು, ಮಾರನೇ ವರ್ಷ 27,890ಕ್ಕೆ ಇಳಿಸಿತು. ವರ್ಷವರ್ಷ ಸಗಟು ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಏರಿ 2025ಕ್ಕೆ 39 ಸಾವಿರದ ಹತ್ತಿರ ಬಂದಿದೆ. ಇದು ಒಳ್ಳೆ ಕೆಲಸ, ಎಷ್ಟೋ ಮನೆ ಉಳಿದವು. ಆದ್ರೆ ಆ ಮಿತಿ ಇರೋದು ಸ್ಟೆಂಟಿಗೆ. ಒಳಗಿಂದ ನೋಡೋ ಕೊಳವೆಗೆ ಅಂಥ ಮಿತಿ ಇಲ್ಲ. ಅದು ಒಂದೇ ಸಲ ಬಳಸೋ ಸಾಮಾನು. ಹಾಗಾಗಿ ಪಟ್ಟಿಯಲ್ಲಿ ನೋಡೋ ಸಾಧನದ ಬೆಲೆ ಹಾಕೋ ಸಾಧನಕ್ಕಿಂತ ಹೆಚ್ಚಿರುತ್ತೆ. ನನ್ನಂಥ ಕಾಮರ್ಸ್ ಹುಡುಗನಿಗೆ ಅನುಮಾನ ಬಂದಿದ್ದು ಅಲ್ಲೇ: ಅಳತೆಪಟ್ಟಿಯ ರೇಟು ಬಟ್ಟೆಗಿಂತ ಹೆಚ್ಚಾ? ಆದ್ರೆ ನಾನು ಹಾಕದ ಲೆಕ್ಕ ಒಂದಿತ್ತು. ಎರಡನೇ ಸಲ ಆಸ್ಪತ್ರೆ ಸೇರೋದರ ಖರ್ಚು, ಬಾಡಿಗೆ ಕಾರು, ಹತ್ತು ದಿನ ಮುಚ್ಚಿದ ವ್ಯಾಪಾರ, ಅತ್ತಿ ಒತ್ತೆ ಇಟ್ಟ ಬಳೆ. ಆ ಸಾಲು ಯಾವ ಪಟ್ಟಿಯಲ್ಲೂ ಇರೋದಿಲ್ಲ.

ಜಪಾನ್‌ನಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಸ್ಟೆಂಟ್ ಹಿಂಗೇ ನೋಡಿ ಹಾಕೋದು, ಕಾರಣ ಅಲ್ಲಿನ ಸರ್ಕಾರಿ ವಿಮೆ ಆ ಖರ್ಚು ಕೊಡುತ್ತೆ. ನಮ್ಮಲ್ಲಿ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದ ತನಕ ಇದೆ, ಆಂಜಿಯೋಪ್ಲಾಸ್ಟಿಗೆ ಪ್ಯಾಕೇಜ್ ದರ ಇದೆ. ಪ್ಯಾಕೇಜಿನಲ್ಲಿ ಏನೇನು ಸೇರುತ್ತೆ, ಐವಸ್ ಹೊರಗಿನ ಖರ್ಚಾ ಅಂತ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಮೊದಲೇ ಕೇಳ್ಕೊಳ್ಳಿ, ಡಿಸ್ಚಾರ್ಜ್ ದಿನ ಅಲ್ಲ.

ದೂರದ ವಿಷಯ. ಹೃದಯಕ್ಕೆ ಅಂತ ನಮ್ಮವರು ಮೊದಲಿಂದ ಹುಬ್ಬಳ್ಳಿ, ಇಲ್ಲಾ ಬೆಂಗಳೂರು. ಬೆಂಗಳೂರಿನ ಜಯದೇವ ಅಂದ್ರೆ ರಾತ್ರಿ ಬಸ್ ಹತ್ತಬೇಕು. ಕಲಬುರಗಿಯಲ್ಲಿ ಜಯದೇವದ ಹೊಸ ಕಟ್ಟಡ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆ ಆಯ್ತು, ಹಾಸಿಗೆ 371. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ವಿಧಿಯ ನಂಬರೂ 371. ಕೊಪ್ಪಳ ಜಿಲ್ಲೆಯೂ ಅದೇ ಕಲ್ಯಾಣ ಕರ್ನಾಟಕದಲ್ಲಿದೆ ಅನ್ನೋದು ನಿಜ, ಆದ್ರೆ ಗಂಗಾವತಿಯಿಂದ ಕಲಬುರಗಿ ಇನ್ನೂರು ಕಿಲೋಮೀಟರಿನ ಆಸುಪಾಸು ಅನ್ನೋದೂ ನಿಜ.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಫಾರ್ವರ್ಡ್ ಮಾಡಬೇಡಿ, ಕೇಳಿ. ಎದೆನೋವು ಈಗ ಬಂದಿದೆ, ಬೆವರು ಕಿತ್ತು ಬರ್ತಿದೆ, ಎಡಗೈ ಹಿಡೀತಿದೆ ಅಂದ್ರೆ ಐವಸ್ ಇರೋ ಆಸ್ಪತ್ರೆ ಯಾವುದು ಅಂತ ಹುಡುಕ್ತಾ ಕೂರಬೇಡಿ. ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಓಡಿ, ಇಸಿಜಿ ಮಾಡಿಸಿ. 2023ರಲ್ಲಿ ಶುರುವಾದ ಡಾ. ಪುನೀತ್ ರಾಜಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನ ದೊಡ್ಡ ಕೇಂದ್ರದ ತಜ್ಞರು ನೋಡಿ ಹೇಳ್ತಾರೆ, ಬೇಕಾದ್ರೆ ರಕ್ತಗಡ್ಡೆ ಕರಗಿಸೋ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡ್ತಾರೆ. ಮೊದಲ ಗಂಟೆಯಲ್ಲಿ ಅದೇ ಜೀವ. ನಾಳದೊಳಗಿನ ನೋಟ, ಅಳತೆ ಎಲ್ಲಾ ಆಮೇಲಿನ ಮಾತು.

ನೀವು ಕಳಿಸಿದ ಪ್ರಶ್ನೆಗಳು

ಹಿಂದಿನ ಸಂಚಿಕೆಯಲ್ಲಿ ವಿಷಯ ಹೇಳಿದ್ದೆ, ಬಹಳ ಜನ ಬರೆದಿದ್ದೀರಿ. ಮೂರು ತಗೊಳ್ತೀನಿ.

ಕುಷ್ಟಗಿಯಿಂದ ಒಬ್ಬ ಅಕ್ಕ ಕೇಳಿದ್ದಾರೆ, ಇದು ಬೇರೆ ಆಪರೇಷನ್ನಾ, ಇನ್ನೊಂದು ಕಡೆ ತೂತು ಮಾಡ್ತಾರಾ? ಇಲ್ಲಕ್ಕಾ. ಅದೇ ತೂತು, ಅದೇ ತಂತಿ, ಅದೇ ಟೇಬಲ್. ಹತ್ತು ಹದಿನೈದು ನಿಮಿಷ ಹೆಚ್ಚಾಗಬಹುದು. ಕೊಳವೆ ಒಳಗಿರುವಾಗ ಕೆಲವರಿಗೆ ಸ್ವಲ್ಪ ಹೊತ್ತು ಎದೆ ಬಿಗಿದಂಗಾಗುತ್ತೆ, ನಾಳ ಕುಗ್ಗಬಹುದು, ಅದಕ್ಕೆ ಔಷಧಿ ಕೊಡ್ತಾರೆ. ದೊಡ್ಡ ತೊಂದರೆ ಅಪರೂಪ.

ಯಲಬುರ್ಗಾದವರು ಒಬ್ಬರು: ನಮ್ಮಪ್ಪನಿಗೆ ನಾಲ್ಕು ವರ್ಷದ ಹಿಂದೆ ಐವಸ್ ಇಲ್ಲದೆ ಸ್ಟೆಂಟ್ ಹಾಕಿದ್ದಾರೆ, ಈಗ ಹೋಗಿ ಒಳಗೆ ನೋಡಿಸಬೇಕಾ? ಆರಾಮಾಗಿದ್ದಾರೆ, ನಡೀತಾರೆ, ಎದೆನೋವಿಲ್ಲ ಅಂದ್ರೆ ಸುಮ್ಮನೆ ಹೋಗಿ ಕೊಳವೆ ಹಾಕಿಸ್ಕೊಳ್ಳೋದು ಬೇಡ. ಮಾತ್ರೆ ಬಿಡಬಾರದು, ಬೀಡಿ ಮುಟ್ಟಬಾರದು, ಶುಗರ್, ಬಿಪಿ, ಕೊಲೆಸ್ಟ್ರಾಲ್ ನೋಡ್ಕೋಬೇಕು. ನೋವು ಮತ್ತೆ ಬಂದ್ರೆ ಆಗ ಕೇಳಿ.

ಕಾರಟಗಿಯ ಗೆಳೆಯ: ಡಾಕ್ಟ್ರಿಗೆ ಏನಂತ ಕೇಳೋದು, ಸಿಟ್ಟಾಗೋದಿಲ್ವಾ? ನಾನು ಎರಡನೇ ಸಲ ಕೇಳಿದ್ದು ಹೀಗೆ: “ಸರ್, ಬ್ಲಾಕ್ ಎಷ್ಟು ಉದ್ದ ಐತಿ? ಸುಣ್ಣ ಐತೇನ್ರಿ? ಕವಲಿನ್ಯಾಗ ಐತೇನು? ಒಳಗ ನೋಡಿದ್ರ ನಿಮ್ಮ ಪ್ಲಾನ್ ಬದಲಾಗಬಹುದೇನು?” ಕೊನೇ ಪ್ರಶ್ನೆ ಮುಖ್ಯ. ಡಾಕ್ಟ್ರು ಸಿಟ್ಟಾಗಲಿಲ್ಲ, ಕುರ್ಚಿ ಎಳೆದು ಕೂತು, ಕಾಗದದ ಮೇಲೆ ನಾಳ ಬರೆದು ತೋರಿಸಿದ್ರು. ಇನ್ನೊಂದು: ಮುಗಿದ ಮೇಲೆ ಚಿತ್ರ ಸಿಡಿಯಲ್ಲಿ ಕೊಡ್ರಿ ಅನ್ನಿ. ಮುಂದೆ ಯಾವ ಆಸ್ಪತ್ರೆಗೆ ಹೋದ್ರೂ ಬೇಕಾಗುತ್ತೆ.

ಮಾಮಾನ ಕಥೆ ಮುಗಿಸ್ತೀನಿ. 2024ರ ಅಕ್ಟೋಬರ್‌ನಲ್ಲಿ ಮೆಟ್ಟಿಲು ಹತ್ತಿದ್ರೆ ಎದೆ ಹಿಡಿಯೋಕೆ ಶುರುವಾಯ್ತು. ಬೇರೆ ಆಸ್ಪತ್ರೆ, ಬೇರೆ ಡಾಕ್ಟ್ರು. ಐವಸ್ ಹಾಕಿದಾಗಲೇ ಆ 3.9ರ ಅಂಕಿ, ಆ ಸುಣ್ಣದ ಬಳೆ ಕಂಡಿದ್ದು. ಮೊದಲ ಸಲ ನೋಡಿದ್ರೆ ಹಿಂಗಾಗ್ತಿರಲಿಲ್ವಾ ಅಂತ ಕೇಳಿದೆ. ಡಾಕ್ಟ್ರು, “ಶುಗರ್ ಇರೋರಿಗೆ ಚೆನ್ನಾಗಿ ಹಾಕಿದ ಸ್ಟೆಂಟೂ ಕಟ್ಟಬಹುದು, ಒಂದೇ ಕಾರಣ ಅಂತ ಹೇಳೋಕಾಗಲ್ಲ. ಆದ್ರೆ ಸುಣ್ಣ ಕಂಡಿದ್ರೆ ಯಾರೂ ಅದನ್ನ ಒಡೆಯದೆ ಮೇಲೆ ಸ್ಟೆಂಟ್ ಇಡ್ತಿರಲಿಲ್ಲ” ಅಂದ್ರು. ಆಘಾತದ ಅಲೆಯ ಬಲೂನಿನಿಂದ ಸುಣ್ಣ ಒಡೆದು, ಗಟ್ಟಿ ಬಲೂನಿನಿಂದ ಹಳೆ ಸ್ಟೆಂಟನ್ನೇ ಅಗಲ ಮಾಡಿ, ಔಷಧಿ ಲೇಪಿಸಿದ ಬಲೂನ್ ಹಾಕಿ ಮುಗಿಸಿದ್ರು. ಇನ್ನೊಂದು ಸ್ಟೆಂಟ್ ಬೇಕಾಗಲಿಲ್ಲ. ಕೊನೆಗೆ ಮತ್ತೆ ಅಳೆದಾಗ 6.8 ಚದರ ಮಿಲಿಮೀಟರ್.

ಮಾಮಾನಿಗೆ ನಾನು ಮೊದಲ ಸಲ ಬೇಡ ಅಂದಿದ್ದು ಗೊತ್ತಿತ್ತಾ ಅಂತ ನನಗೆ ಅನುಮಾನ ಇತ್ತು. ಡಿಸ್ಚಾರ್ಜ್ ದಿನ ನಾನೇ ಹೇಳಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಪಟ್ಟಿ ನಾನೂ ನೋಡಿದ್ನೋ. ನೀ ಬ್ಯಾಡ ಅಂದಿದ್ದಕ್ಕ ನನಗೂ ಹಗುರಾಗಿತ್ತು” ಅಂದ. ಈಗ ದಿನಾ ಬೆಳಗ್ಗೆ ಎಪಿಎಂಸಿ ತನಕ ನಡೆದೇ ಹೋಗ್ತಾನೆ. ಆ ಸಿಡಿಯನ್ನ ಪಾಣಿ, ರೇಷನ್ ಕಾರ್ಡ್ ಇಡೋ ಚೀಲದಲ್ಲೇ ಇಟ್ಟಿದ್ದಾನೆ.